ಅಕ್ಕ ಮಾಡಿದ ಗುಳ್ಳವ್ವ

ಸಣ್ಣವರಿದ್ದಾಗ ಏನು ಆಟ ಆಡುತ್ತಿದ್ದಿರಿ ಎಂದು ನೀವು ಕೇಳುತ್ತಲೇ ಇರುತ್ತೀರಿ. ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ, ಅದಕ್ಕೆ ಬರೆಯುತ್ತಿದ್ದೇನೆ. ನಿಮ್ಮ ಅಜ್ಜ ಇದ್ದಾಗ ಅವರಿಗೂ ಇದನ್ನು ಹೇಳಿರಲಿಲ್ಲ.

ಸವಣೂರಿನ ಹತ್ತಿರ ನಮ್ಮ ಊರು. ಆಷಾಢದ ಮಂಗಳವಾರ ಬಂತೆಂದರೆ ಹುಡುಗಿಯರೆಲ್ಲ ಕೆರೆಯ ಮಣ್ಣು ತಂದು ಗುಳ್ಳವ್ವನನ್ನು ಮಾಡುತ್ತಿದ್ದೆವು. ಮಣ್ಣಿನ ಗೊಂಬೆಯೇ ನಮ್ಮ ದೇವರು. ಹಸಿ ಮೈಗೆ ಗುಲಗಂಜಿ, ಕುಸುಬಿ ಕಾಳು ಒತ್ತಿ ಸಿಂಗರಿಸಿ, ಸಂಜೆ ಹಾಡಿ ಆರತಿ ಎತ್ತುವುದು. ಮರುದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಅವಳನ್ನು ಕಳಿಸಿ ಬರುವುದು.

ನಾನು ಮೂರನೆಯ ಇಯತ್ತೆಯಲ್ಲಿದ್ದ ವರ್ಷ ಅಕ್ಕನನ್ನು ಚಿಕ್ಕೇರೂರಿಗೆ ಕೊಟ್ಟಿದ್ದರು. ಅವಳೂ ಇನ್ನೂ ಹುಡುಗಿಯೇ. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಮನೆಯಲ್ಲಿ ಇರಬಾರದೆಂದು ತವರಿಗೆ ಕಳಿಸಿದ್ದರು. ಬಂದವಳು ಮಾತೇ ಆಡಲಿಲ್ಲ. ಕರೆದರೆ ಬೆಚ್ಚಿಬಿದ್ದು ಸೆರಗು ಹೊದೆಯುತ್ತಿದ್ದಳು. ಅಪ್ಪ ಒಳಗೆ ಬಂದರೂ ಎದ್ದು ನಿಲ್ಲುತ್ತಿದ್ದಳು. ಅವಳು ನಕ್ಕರೆ ಸಾಕೆಂದು ಅವ್ವ ಏನೇನೋ ಮಾಡಿ ಉಣ್ಣಿಸಿದಳು. ನಗಲಿಲ್ಲ.

ಆ ಮಂಗಳವಾರ ನಾನು ಮಣ್ಣು ಕಲಸುತ್ತಾ ಕುಳಿತಾಗ ಅವಳು ಮೆಲ್ಲಗೆ ಬಂದು ಒಂದು ಮುದ್ದೆ ತೆಗೆದುಕೊಂಡಳು. ಬಾಜೂ ಮನೆಯ ಕಾಕಿ ಕಟ್ಟೆಯ ಮೇಲಿಂದಲೇ ಒಳಗೆ ಇಣುಕಿ ಕೂಗಿದಳು:

"ಗಂಡನ ಮನಿ ಕಂಡ ಬಂದಾಕಿ ಮಣ್ಣಾಗ ಆಡಾಕತ್ತಾಳ, ನೋಡ್ರೆವಾ!"

"ಆಡ್ಲಿ ಬಿಡವಾ," ಎಂದಳು ಅವ್ವ. "ಈ ತಿಂಗಳರ ಆಕೀದಿರಲಿ."

ಅಕ್ಕ ಗೊಂಬೆಗೆ ದೊಡ್ಡ ಮೂಗು ಮಾಡಿ, ಗುಲಗಂಜಿಯ ನತ್ತು ಇಟ್ಟು, ಒಂದು ಕೆನ್ನೆಯನ್ನು ಉಬ್ಬಿಸಿದಳು.

"ಇಕಿ ಯಾರ ಹೇಳು?"

"ಯಾರಬೇ?"

"ನಮ್ಮತ್ತಿ. ಬಾಯಿ ತುಂಬ ಎಲಿಅಡಿಕಿ ಇಟ್ಕೊಂಡಾಳ. ಅದಕ್ಕ ಇವತ್ತ ಬೈಯೂದಿಲ್ಲ!"

ಹೇಳಿ ತಾನೇ ನಕ್ಕಳು. ನಾನೂ ನಕ್ಕೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಬಂದು ನೋಡಿ, ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕಳು. ಅಕ್ಕನ ಕಣ್ಣಲ್ಲಿ ನೀರು ಬರುವಷ್ಟು ನಗು.

ಆಗ ಬಾಗಿಲಲ್ಲಿ ಚಕ್ಕಡಿ ನಿಂತಿತು. ಅಕ್ಕನ ಮಾವ. ರಾತ್ರಿ ಹಾನಗಲ್ಲಿನಲ್ಲಿ ವಸ್ತಿ ಮಾಡಿ ಬಂದಿದ್ದರು.

"ಬೀಗರ, ನಿಮ್ಮ ಬೀಗ್ತಿಗೆ ಥಂಡಿ ಜ್ವರ ಬಂದಾವ್ರಿ. ಮನ್ಯಾಗ ರೊಟ್ಟಿ ಬಡಿಯಾವ್ರಿಲ್ಲ. ಸೊಸಿನ್ನ ಕಳಸ್ರಿ."

"ಆಷಾಢ ಮುಗೀಲಿ ತಡೀರಿ," ಎಂದರು ಅಪ್ಪ. "ಅತ್ತಿ ಸೊಸಿ ಕೂಡಿ ಇರಬಾರದು ಅಂತ ಶಾಸ್ತ್ರ ಐತಲ್ರಿ."

"ಶಾಸ್ತ್ರ ಬಂದು ರೊಟ್ಟಿ ಬಡೀತೈತೇನ್ರಿ?"

ಅಪ್ಪ ಎದ್ದು ಚಕ್ಕಡಿಯ ಎತ್ತುಗಳಿಗೆ ಮೇವು ಹಾಕಲು ಹೋದರು. ಅಕ್ಕ ಒಳಗೇ ಇದ್ದಳು. ಮಾವನ ದನಿ ಕೇಳಿದ್ದೇ ತಡ, ಒದ್ದೆ ಕೈಯಿಂದ ಗುಳ್ಳವ್ವನ ಮುಖವನ್ನೆಲ್ಲ ಸವರಿ ಸಾಪು ಮಾಡಿದಳು. ಮೂಗಿಲ್ಲ, ಕೆನ್ನೆಯಿಲ್ಲ. ಆಮೇಲೆ ಕೈ ತೊಳೆದು, ಸೆರಗು ಹೊದ್ದು ನೀರಿನ ಚೊಂಬು ಹಿಡಿದುಕೊಂಡು ಹೊರಗೆ ಹೋದಳು.

ಹೊರಡುವಾಗ ಅವ್ವ, "ಪಂಚಮಿಗೆ ಕರ್ಯಾಕ ಬರ್ತಾರವಾ ನಿಮ್ಮಪ್ಪ," ಎಂದಳು. ಅಕ್ಕ ತಲೆಯಾಡಿಸಿದಳು, ಅಷ್ಟೇ. ಪಂಚಮಿಗೆ ಅಪ್ಪ ಹೋಗಿ ಒಬ್ಬರೇ ತಿರುಗಿ ಬಂದರು. ಅವಳ ಪಾಲಿನ ಉಂಡಿಗಳನ್ನು ಅವ್ವ ಡಬ್ಬಿಯಲ್ಲಿ ಬಹಳ ದಿನ ಇಟ್ಟಿದ್ದಳು. ಬೂಸು ಬಂದ ಮೇಲೆ ಆಕಳಿಗೆ ಹಾಕಿದಳು.

ದೀಪಾವಳಿಯ ಹೊತ್ತಿಗೆ ಅದೇ ಜ್ವರ ಅಕ್ಕನಿಗೂ ಬಂತು. ಸುದ್ದಿ ನಮಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಿಮ್ಮ ಅವ್ವ ಸಣ್ಣವಳಿದ್ದಾಗ ಗುಳ್ಳವ್ವ ಮಾಡಲು ಹಟ ಹಿಡಿಯುತ್ತಿದ್ದಳು. ಬೇಡವೆನ್ನಲು ಮನಸ್ಸು ಬರಲಿಲ್ಲ. ನಾನೇ ಮಣ್ಣು ಕಲಸಿಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದೆ. ಅವಳು ಮಣ್ಣಿನ ಕೈಯಲ್ಲಿ ಜೋರಾಗಿ ನಕ್ಕಾಗಲೆಲ್ಲ ನಾನೂ ನಗುತ್ತಿದ್ದೆ. ಕಣ್ಣು ಮಾತ್ರ ಬಾಗಿಲ ಕಡೆಗೆ ಹೋಗುತ್ತಿತ್ತು, ಯಾರಾದರೂ ಬಂದರೇನೋ ಎಂದು.