ಮುತ್ಯಾನ ಆವಿಗೆ, ಅತ್ತೆಯ ಗಾಜು

ಇಲ್ಲಿ ಬರೆಯುತ್ತಿರುವ ಕೆಲವು ವಿವರಗಳು ತಪ್ಪಿರಬಹುದು. ನನ್ನ ನೆನಪಿನಲ್ಲಿ, ಮುತ್ಯಾ ಅಂದರೆ ನನ್ನ ಅಜ್ಜ ಗಡಿಗೆ ಸುಡುವ ಆವಿಗೆಗೆ ಬೆಂಕಿ ಹಾಕಿದ ಆ ದಿನ ಕಮಲಾಪುರದಲ್ಲಿ ಕಣ್ಣು ಕುಕ್ಕುವ ಬಿಸಿಲಿದೆ, ಅಂಗಳದ ಮಣ್ಣು ಹುಡಿಯಾಗಿ ಪಾದಕ್ಕೆ ಮೆತ್ತುತ್ತಿದೆ. ಆದರೆ ಅದು ನಲವತ್ತೆಂಟರ ಪೊಲೀಸ್ ಆಕ್ಷನ್‌ನ ಹೊತ್ತು, ಆಕ್ಷನ್ ಆದದ್ದು ಮಳೆಗಾಲದಲ್ಲಿ. ಮಳೆಗಾಲದಲ್ಲಿ ಕುಂಬಾರರು ಆವಿಗೆಗೆ ಬೆಂಕಿ ಹಾಕುವುದು ಅಪರೂಪ. ನಡುವೆ ಮಳೆ ಬಿಟ್ಟಿತ್ತು, ಅದಕ್ಕೇ ಹಾಕಿದರು ಎಂದು ನನ್ನ ಅಜ್ಜಿ, ಆಯಿ, ಹೇಳುತ್ತಿದ್ದಳು. ಆವಿಗೆಯ ಮೇಲೆ ತಗಡಿನ ಚಪ್ಪರವಿತ್ತು ಎಂದು ಅಪ್ಪ ಹೇಳುತ್ತಿದ್ದ. ನನಗೆ ಆ ತಗಡು ನೆನಪೇ ಇಲ್ಲ. ಬಿಸಿಲು ಬೇರೆ ಯಾವುದೋ ವರ್ಷದ್ದಿರಬೇಕು, ಇಲ್ಲಿಗೆ ಬಂದು ಸೇರಿಕೊಂಡಿದೆ. ನಾನು ದಿನಚರಿ ಬರೆಯಲು ಶುರು ಮಾಡಿದ್ದು ಕಾಲೇಜಿಗೆ ಹೋದ ಮೇಲೆ. ಅದಕ್ಕಿಂತ ಹಿಂದಿನದಕ್ಕೆ ನನ್ನ ತಲೆಯನ್ನೇ ನಂಬಬೇಕು, ಅದು ಅಷ್ಟು ನಂಬುವಂಥದ್ದಲ್ಲ.

ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಬಹುದಾದ ವಸ್ತು ಒಂದಿದೆ. ಕಲಬುರಗಿಯ ಜೇವರ್ಗಿ ಕಾಲೋನಿಯ ನನ್ನ ಮನೆಯ ಕಿಟಕಿಯಲ್ಲಿ ಅಂಗೈ ಎರಡರಷ್ಟು ಅಗಲದ ಹಸಿರು ಗಾಜಿನ ಬಿಲ್ಲೆ ನಿಂತಿದೆ. ಒಂದು ಮೈ ನುಣುಪು. ಇನ್ನೊಂದು ಮೈಯಲ್ಲಿ ಜೋಳದ ತೆನೆಯೊಂದರ ಕಾಳು ಕಾಳೂ ಉಬ್ಬಿ ನಿಂತಿವೆ. ಅದು ಎಲ್ಲಿಯೂ ಸೀಳಿಲ್ಲ.

ಅದನ್ನು ಮಾಡಿದವಳು ಅಪ್ಪನ ತಂಗಿ, ನನ್ನ ಅತ್ತೆ. ಅಪ್ಪ, ಅವ್ವ ಕಲಬುರಗಿಯಲ್ಲಿ ಒಂದೇ ಕೋಣೆಯ ಮನೆಯಲ್ಲಿದ್ದರು. ಅಪ್ಪನಿಗೆ ಬಟ್ಟೆ ಗಿರಣಿಯಲ್ಲಿ ಕೆಲಸ. ನನ್ನನ್ನು ಕಮಲಾಪುರದಲ್ಲಿ ಮುತ್ಯಾ, ಆಯಿ, ಅತ್ತೆಯ ಹತ್ತಿರ ಬಿಟ್ಟಿದ್ದರು. ಮುತ್ಯಾ ಗಡಿಗೆ, ಹಂಚು ಸುಡುತ್ತಿದ್ದ. ನನಗಾಗ ಎಂಟೋ ಒಂಬತ್ತೋ ವರ್ಷ, ಅತ್ತೆಗೆ ಹದಿನೇಳರ ಸುಮಾರು.

ಒಡೆದ ಬಳೆಯ ಚೂರುಗಳನ್ನು ಚಿಮಣಿಯ ಉರಿಗೆ ಹಿಡಿದು ಬಗ್ಗಿಸಿ ಸರಪಳಿ ಮಾಡುವ ಆಟ ಎಲ್ಲ ಹುಡುಗಿಯರಿಗೂ ಬರುತ್ತಿತ್ತು. ಅತ್ತೆ ಅಲ್ಲಿಗೆ ನಿಲ್ಲಲಿಲ್ಲ. ಚಿಮಣಿ ಬಗ್ಗಿಸುತ್ತದೆ, ಹಾಗಿದ್ದರೆ ಆವಿಗೆ ಏನು ಮಾಡೀತು ಎಂಬುದು ಅವಳ ಲೆಕ್ಕ. ಹಸಿ ಮಣ್ಣಿನ ಹಲಗೆ ತಟ್ಟಿ ಅದಕ್ಕೆ ಜೋಳದ ತೆನೆಯನ್ನೋ ಗೋಣಿಚೀಲವನ್ನೋ ಬೇವಿನೆಲೆಯನ್ನೋ ಒತ್ತಿ ಅಚ್ಚು ಮಾಡುತ್ತಿದ್ದಳು. ಅಚ್ಚು ಒಂದು ಸಲ ಸುಟ್ಟು ಬಂದ ಮೇಲೆ ಗಾಜು ಅಂಟದಿರಲೆಂದು ಸುಣ್ಣ ಬಳಿದು, ಬಳೆಚೂರು ಹರಡಿ, ಬೂದಿ ಬೀಳದಂತೆ ಮೇಲೊಂದು ಗಡಿಗೆಯ ಚಿಪ್ಪು ಬೋರಲು ಹಾಕಿ, ಮುತ್ಯಾನ ಗಡಿಗೆಗಳ ನಡುವೆ ತುರುಕುತ್ತಿದ್ದಳು. ಚೂರು ಕರಗಿ ಒಂದಾಗಿ ಅಚ್ಚಿನ ಗುಳಿಗಳಿಗೆ ಇಳಿಯುತ್ತಿತ್ತು. ಅಲ್ಲಿಯವರೆಗೂ ಎಲ್ಲ ಸರಿ.

ಆದರೆ ಒಂದೂ ಇಡಿಯಾಗಿ ಬರುತ್ತಿರಲಿಲ್ಲ. ಮುತ್ಯಾ ಸಂತೆಗೆ ಗಡಿಗೆ ಒಯ್ಯಬೇಕೆಂದು ಮರುದಿನ ಬೆಳಿಗ್ಗೆಯೇ ಆವಿಗೆ ಬಿಚ್ಚುತ್ತಿದ್ದ. ಬೆಚ್ಚಗಿನ ಗಾಜನ್ನು ಅತ್ತೆ ಸೆರಗಿನಲ್ಲಿ ಹಿಡಿದು ತಂದು ಗೂಡಿನಲ್ಲಿಡುವಷ್ಟರಲ್ಲಿ ಟಿಣ್ ಎಂದು ಸೀಳುತ್ತಿತ್ತು. ದೃಷ್ಟಿಯಾಗುತ್ತದೆ ಎಂದು ಆಯಿ ಅಚ್ಚಿನ ಪಕ್ಕ ಒಂದು ಮೆಣಸಿನಕಾಯಿಯನ್ನೂ ಇಡಿಸಿದ್ದಳು.

ಹಾಗೆ ಒಂದು ಅಚ್ಚು ಆವಿಗೆಯೊಳಗೆ ಇದ್ದಾಗಲೇ, ಮುತ್ಯಾ ಬೆಂಕಿ ಹಾಕಿ ಮೇಲೆ ಹುಲ್ಲು ಹಾಸಿ ಮಣ್ಣು ಮೆತ್ತಿ ಮುಚ್ಚುತ್ತಿದ್ದಾಗಲೇ, ನಿಜಾಮರ ಕಡೆಯ ರಜಾಕಾರರು ಈ ಕಡೆ ಬರುತ್ತಿದ್ದಾರೆ ಎಂಬ ಸುದ್ದಿ ಬಂತು. ಹೆಂಗಸರು ಮಕ್ಕಳೆಲ್ಲ ಎತ್ತರದ ಗೋಡೆಯ ಗೌಡರ ವಾಡೆಯೊಳಗೆ ಹೋಗಬೇಕೆಂದರು. ಹೋದೆವು. ದೊಡ್ಡ ಬಾಗಿಲು ಹಾಕಿಕೊಂಡಿತು.

ಎಷ್ಟು ದಿನ ಅಲ್ಲಿದ್ದೆವು? ಅಪ್ಪ ಆಗ ಕಲಬುರಗಿಯಲ್ಲಿದ್ದ, ಆದರೂ ನಾಲ್ಕೇ ದಿನ ಎನ್ನುತ್ತಿದ್ದ. ಅತ್ತೆ ಎಂಟು ಎನ್ನುತ್ತಿದ್ದಳು. ನನಗೆ ಅದು ಒಂದು ಇಡೀ ಋತುವಿನಷ್ಟು ಉದ್ದವಾಗಿದೆ. ಬೆಳಕು ಮೇಲಿನ ಸಣ್ಣ ಕಿಂಡಿಯಿಂದ ಬರುತ್ತಿತ್ತು. ಮಕ್ಕಳು ಅತ್ತರೆ ಬಾಯಿಗೆ ಸೆರಗು ಒತ್ತುತ್ತಿದ್ದರು. ಒಂದು ಮೂಲೆಯ ಕಡೆ ಯಾರೂ ನೋಡುತ್ತಿರಲಿಲ್ಲ, ಮೂಗಿಗೆ ಮಾತ್ರ ಅದು ಎಲ್ಲಿದೆಯೆಂದು ಗೊತ್ತಿತ್ತು. ಅತ್ತೆ ಬಾಗಿಲಿಗೆ ಆತು ಕೂತು, ಅದರ ಮೈತುಂಬ ಬಡಿದಿದ್ದ ದುಂಡು ತಲೆಯ ಕಬ್ಬಿಣದ ಗುಬ್ಬಿಗಳ ಮೇಲೆ ಅಂಗೈ ಆಡಿಸುತ್ತಿದ್ದಳು. ಹೊರಗೆ ಏನಾಗುತ್ತಿದೆಯೋ ಎಂದು ಎಲ್ಲರೂ ದೇವರನ್ನು ನೆನೆಯುತ್ತಿದ್ದರೆ, ಇವಳು ನನ್ನ ಕಿವಿಯಲ್ಲಿ, ಆವಿಗೆಯನ್ನು ಯಾರೂ ಬಿಚ್ಚದಿದ್ದರೆ ಸಾಕು ಎಂದಳು. ಅಥವಾ ಯಾರಾದರೂ ಬಿಚ್ಚಿದರೆ ಸಾಕು ಎಂದಳೋ. ನನಗೆ ಎರಡೂ ಕೇಳಿಸಿದಂತಿದೆ.

ಕೊನೆಗೆ ಮಿಲಿಟರಿ ಬಂತು, ನಿಜಾಮರ ಆಳಿಕೆ ಮುಗಿಯಿತು ಎಂದರು. ಬಾಗಿಲು ತೆರೆಯಿತು. ನಮ್ಮ ಮನೆ ಇದ್ದ ಹಾಗೇ ಇತ್ತು, ಆವಿಗೆಯೂ ಇತ್ತು, ತಣ್ಣಗಾಗಿ ಕಲ್ಲಾಗಿತ್ತು. ಮುತ್ಯಾ ಬಿಚ್ಚಿದ. ಗಡಿಗೆಗಳ ನಡುವಿನಿಂದ ಅತ್ತೆ ಅಚ್ಚನ್ನು ತೆಗೆದು ಬೋರಲು ಹಾಕಿದಳು. ಹಸಿರು ಬಿಲ್ಲೆ ಇಡಿಯಾಗಿ ಕೈಗೆ ಬಂತು. ನಾವು ಸದ್ದಿಗಾಗಿ ಕಾದೆವು. ಸಂಜೆಯಾಯಿತು. ಸದ್ದು ಬರಲಿಲ್ಲ.

ನೋಡಲು ಓಣಿಯವರೆಲ್ಲ ಬಂದರು. ಮುತ್ಯಾ ಅದನ್ನು ಬೆಳಕಿಗೆ ಹಿಡಿದು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಆಮೇಲೆ ವರ್ಷಗಟ್ಟಲೆ ಅದನ್ನೇ ಕೇಳಿದ್ದೇನೆ.

"ನೋಡ್ರೆಪ್ಪಾ, ಮುಚ್ಚಿಟ್ಟಿದ್ದು ಒಡೀಲಿಲ್ಲ. ಗಾಜ ಆಗ್ಲಿ, ಹೆಣ್ಣ ಆಗ್ಲಿ."

ಎಲ್ಲರೂ ಹೌದು ಹೌದು ಎಂದರು. ಆಗ ಎಷ್ಟೋ ಊರುಗಳಿಂದ ಕೆಟ್ಟ ಸುದ್ದಿಗಳು ಬರುತ್ತಿದ್ದವು, ಮುತ್ಯಾನ ಮಾತಿನಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಅವನಿಗೆ ಮಗಳ ಮೇಲೆ ಪ್ರೀತಿ ಇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಹಳ ಇತ್ತು. ವಾಡೆಯ ಹೊರಗೆ ಆ ದಿನಗಳನ್ನು ಅವನು ಹೇಗೆ ಕಳೆದನೋ ನಮಗೆ ಎಂದೂ ಹೇಳಲಿಲ್ಲ. ಆದರೆ ಅದಕ್ಕೂ ಮೊದಲು ಅತ್ತೆ ಗಡಿಗೆ ಹೊತ್ತು ಸಂತೆಗೆ ಹೋಗುತ್ತಿದ್ದಳು, ಬಾವಿಗೆ ಹೋಗುತ್ತಿದ್ದಳು. ಆಮೇಲೆ ಎರಡೂ ನಿಂತವು. ನೀರು ಆಯಿ ತರುತ್ತಿದ್ದಳು.

ಅತ್ತೆಗೆ ಬಳೆಚೂರು ಕೊಡುತ್ತಿದ್ದ ಬಳೆಗಾರ ಚಾಚಾ ಮೊದಲಿನಿಂದ ಮನೆಗೇ ಬರುತ್ತಿದ್ದ. ಆಕ್ಷನ್ ಆದ ಮೇಲೆ ಅವನು ಬಹಳ ದಿನ ಕಾಣಲಿಲ್ಲ. ಮೊದಲು ನಾವು ಹೆದರಿ ಬಾಗಿಲು ಹಾಕಿಕೊಂಡೆವು, ಆಮೇಲೆ ಅವನ ಓಣಿಯವರು ಹೆದರಿ ಹಾಕಿಕೊಂಡರು. ಮತ್ತೆ ಬಂದಾಗ ಗಡ್ಡ ಬೋಳಿಸಿದ್ದ, ನನಗೆ ಗುರುತೇ ಸಿಗಲಿಲ್ಲ. ಒಡೆದ ಬಳೆಗಳನ್ನು ಗಂಟು ಕಟ್ಟಿ ತಂದಿದ್ದ. ಹೇಗೆ ಒಡೆದವೆಂದು ಆಯಿ ಕೇಳಲಿಲ್ಲ.

"ಮಂದಿ ಬಳಿ ಕೈಗೆ ಇಟ್ಕೊಂತಾರ, ನೀ ಬೆಂಕಿಗೆ ಇಡಸ್ತಿ ನೋಡ್ ಬೇಟಿ," ಎಂದು ಅತ್ತೆಗೆ ಹೇಳಿ ನಕ್ಕ. ಗಡ್ಡವಿಲ್ಲದ ಆ ನಗು ನೋಡಲು ಕಷ್ಟವಾಗಿತ್ತು.

ನಿಧಾನ ತಣಿದ ಗಾಜು ಸೀಳುವುದಿಲ್ಲ ಎಂಬುದು ವಾಡೆಯಿಂದ ಬಂದಾಗಲೇ ಅತ್ತೆಗೆ ತಿಳಿದಿತ್ತು, ಆ ಗಂಟಿನಿಂದ ಇನ್ನೊಂದು ಪಾಠ ಕಲಿತಳು. ಈಗ ಮುತ್ಯಾನೂ ಅವಳಿಗಾಗಿ ಆವಿಗೆಯನ್ನು ಬಹಳ ದಿನ ಮುಚ್ಚಿಡುತ್ತಿದ್ದ. ಆದರೂ ಒಂದು ಬಿಲ್ಲೆ ಸೀಳಿತು. ಗಂಟಿನಲ್ಲಿ ಎರಡು ಥರದ ಹಸಿರು ಬಳೆಗಳಿದ್ದವು: ತೆಳ್ಳಗಿನ ಹೊಸವು, ದಪ್ಪನೆಯ ಹಳೆಯವು. ಎರಡೂ ಕೂಡಿದಲ್ಲೇ ಸೀಳು ಬಂದಿತ್ತು. ಎಷ್ಟೇ ನಿಧಾನ ತಣಿಸಿದರೂ ಈ ಎರಡು ಒಂದಾಗುವುದಿಲ್ಲ. ಅಂದಿನಿಂದ ಚೂರುಗಳನ್ನು ಕಲ್ಲಿನ ಮೇಲೆ ಬೀಳಿಸಿ, ಟಿಣ್ ಎಂದದ್ದು ಒಂದು ಪುಟ್ಟಿಗೆ, ಟಕ್ ಎಂದದ್ದು ಇನ್ನೊಂದಕ್ಕೆ ಆರಿಸುವುದು ನನ್ನ ಕೆಲಸವಾಯಿತು. ನಾನು ಆರಿಸಿದ ಮೇಲೆ ಅತ್ತೆ ತಪ್ಪದೆ ಇನ್ನೊಮ್ಮೆ ನೋಡುತ್ತಿದ್ದಳು. ಮುತ್ಯಾನಿಗೆ ಇದೆಲ್ಲ ಗೊತ್ತಿರಲಿಲ್ಲ. ಮುಚ್ಚಿಟ್ಟದ್ದಕ್ಕೇ ಚೆನ್ನಾಗಿ ಬರುತ್ತದೆ ಎಂದೇ ಅವನು ತಿಳಿದಿದ್ದ.

ಒಂದೆರಡು ವರ್ಷದ ಮೇಲೆ ಕಲಬುರಗಿಯ ಹೆಣ್ಣುಮಕ್ಕಳ ಶಾಲೆಯೊಂದರ ಟೀಚರ್ ಬಾಯಿಯವರು ಅಪ್ಪನ ಜೊತೆ ಮನೆಗೆ ಬಂದರು. ಅಪ್ಪನ ಕೋಣೆಯಲ್ಲಿ ಅತ್ತೆಯ ಬಿಲ್ಲೆಯೊಂದನ್ನು ಯಾರೋ ನೋಡಿ ಅವರಿಗೆ ಹೇಳಿದ್ದರಂತೆ. ಹೆಂಗಸರ ಕೈಕೆಲಸದ ನುಮಾಯಿಶಿ, ಅಂದರೆ ಪ್ರದರ್ಶನ ಇದೆ, ಗಾಜುಗಳನ್ನೂ ಮಾಡಿದವಳನ್ನೂ ಕಳಿಸಿಕೊಡಿ ಎಂದು ಕೇಳಿದರು. ಮುತ್ಯಾ ಅವರಿಗೆ ಚಹಾ ಕುಡಿಸಿದ, ಬಾಳೆಹಣ್ಣು ಕೊಟ್ಟ.

"ಗಾಜ ಹೋಗ್ಲಿ ರೀ. ಅಕಿ ಯಾಕ?"

"ಹಂಗಾರ ನನ್ನೂ ಹುಲ್ಲಾಗ ಸುತ್ತಿ ಕಳಸಪಾ," ಎಂದಳು ಅತ್ತೆ ಒಳಗಿನಿಂದ. ಬಾಯಿಯವರು ನಕ್ಕರು. ಮುತ್ಯಾನೂ ನಕ್ಕ. ಕಳಿಸಲಿಲ್ಲ.

ಚಿಕ್ಕವಳೆಂದು ನನ್ನನ್ನು ಬಿಟ್ಟರು. ಹುಲ್ಲಿನಲ್ಲಿ ಸುತ್ತಿದ ಗಾಜಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಮೋಟಾರಿನಲ್ಲಿ ಅಪ್ಪನ ಜೊತೆ ಕಲಬುರಗಿಗೆ ಹೋದೆ. ಕಸೂತಿ, ಕೌದಿ, ಹೆಣಿಕೆಗಳ ನಡುವೆ ಅತ್ತೆಯ ಬಿಲ್ಲೆಗಳನ್ನು ಕಿಟಕಿಗೆ ಕಟ್ಟಿದ್ದರು. ಬಿಸಿಲು ಬಂದಾಗ ಎದುರಿನ ಗೋಡೆಯ ಮೇಲೆ ತೆನೆಯ ನೆರಳು ಹಸಿರಾಗಿ ಬಿತ್ತು. ಜನ ಬಂದು ಗಾಜನ್ನು ಬಿಟ್ಟು ಗೋಡೆಯನ್ನು ಮುಟ್ಟಿ ನೋಡಿದರು. ಇದನ್ನು ನಾನು ನೋಡಿದ್ದು ನಿಜ ಎಂದುಕೊಂಡಿದ್ದೇನೆ. ಆದರೆ ತಿರುಗಿ ಬಂದ ಮೇಲೆ ಅತ್ತೆ ಇದನ್ನು ನನ್ನಿಂದ ಎಷ್ಟು ಸಲ ಹೇಳಿಸಿದಳೆಂದರೆ, ಈಗ ನೆನಪಿರುವುದು ಗೋಡೆಯೋ ನನ್ನ ಮಾತೋ ತಿಳಿಯದು. ಎಷ್ಟು ಎತ್ತರಕ್ಕೆ ಕಟ್ಟಿದ್ದರು? ಹಿಂದೆ ಆಕಾಶ ಇತ್ತೋ ಗಿಡ ಇತ್ತೋ? ಉಬ್ಬಿದ ಮೈ ಯಾವ ಕಡೆಗಿತ್ತು?

ಆ ಸಲದ ನಂತರ ಮುತ್ಯಾ ಹಿತ್ತಿಲಲ್ಲಿ, ಮನೆಯ ಗೋಡೆಗೆ ತಾಗಿಸಿ, ಬರೀ ಗಾಜಿಗೆಂದೇ ಸಣ್ಣ ಆವಿಗೆ ಕಟ್ಟಿಕೊಟ್ಟ. ಮಗಳಿಗೆ ಆವಿಗೆ ಕಟ್ಟಿಕೊಟ್ಟ ತಂದೆ ಎಂದು ಊರೆಲ್ಲ ಹೊಗಳಿತು. ಅಡುಗೆಮನೆಯ ಹಿಂಬಾಗಿಲಿಂದ ಅಲ್ಲಿಗೆ ನಾಲ್ಕು ಹೆಜ್ಜೆ. ಅತ್ತೆಗೆ ಇನ್ನು ಅಂಗಳಕ್ಕೆ ಬರುವ ಕಾರಣವೂ ಉಳಿಯಲಿಲ್ಲ. ಅವಳ ಗಾಜುಗಳು ಕಲಬುರಗಿಗೆ ಹೋದವು, ಒಂದೆರಡು ಹೈದರಾಬಾದಿಗೂ ಹೋದವಂತೆ. ಅವಳು ಅವನ್ನು ಹುಲ್ಲಿನಲ್ಲಿ ಸುತ್ತುವವರೆಗೆ ಮಾತ್ರ ನೋಡಿದಳು.

ಆಮೇಲೆ ಒಮ್ಮೆ ಅಪ್ಪ ರಜೆಗೆ ಬಂದಾಗ ಬಾಯಿಯವರ ಸುದ್ದಿ ತಂದ. ಕೈಕೆಲಸದ ಟೀಚರುಗಳಿಗೆ ತರಬೇತಿ ಶುರುವಾಗುತ್ತಿದೆ, ಒಂದು ವರ್ಷ, ಊಟ ವಸತಿ ಅಲ್ಲೇ, ಮುಗಿದ ಮೇಲೆ ಶಾಲೆಯಲ್ಲಿ ಕೆಲಸ. ಓದು ಕಮ್ಮಿ ಇದ್ದರೂ ಇವಳನ್ನು ತೆಗೆದುಕೊಳ್ಳುತ್ತಾರೆ. ಇದೇ ಕೊನೆಯ ಅವಕಾಶ, ಮುಂದಿನ ವರ್ಷದಿಂದ ವಯಸ್ಸಿನ ಕಟ್ಟಳೆ ಬರುತ್ತದೆ.

"ಇಲ್ಲೇನ ಕಮ್ಮಿ ಮಾಡೀನಿ ಅಕಿಗಿ?" ಎಂದ ಮುತ್ಯಾ. "ಆವಿಗಿ ಕಟ್ಟಿಕೊಟ್ಟೀನಿ."

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಅಪ್ಪಾ, ಮುಚ್ಚಿಟ್ಟಿದ್ದೂ ಒಡೀತದ."

"ನಾ ಮುಚ್ಚಿದ್ದು ಒಡೆಯಂಗಿಲ್ಲ."

"ಒಡದ್ರ?"

ಮುತ್ಯಾ ಅವಳ ಕಡೆ ನೋಡಲಿಲ್ಲ, ಅಪ್ಪನ ಕಡೆ ನೋಡಿ ಹೇಳಿದ: "ಒಡದ್ರ ಕರ್ಕೊಂಡು ಹೋಗು."

ಅತ್ತೆ ತನ್ನ ಜೀವನದ ಎಲ್ಲಕ್ಕಿಂತ ದೊಡ್ಡ ಅಚ್ಚನ್ನು ಆಗ ಮಾಡಿದಳು. ಮಣ್ಣಿನ ಹಲಗೆಯನ್ನು ನನ್ನಿಂದ ಒಂದು ಕಡೆ ಹಿಡಿಸಿಕೊಂಡು, ಆಯಿಯನ್ನು ಜೊತೆಗೆ ಕರೆದುಕೊಂಡು, ಗೌಡರ ವಾಡೆಗೆ ಹೋದಳು. ಎಷ್ಟೋ ವರ್ಷದ ಮೇಲೆ ಅವಳು ಬೀದಿಗೆ ಇಳಿದದ್ದು ಅಂದೇ. ಹಲಗೆಯನ್ನು ಆ ಬಾಗಿಲಿಗೆ ಒತ್ತಿದಳು. ಕಬ್ಬಿಣದ ಗುಬ್ಬಿಗಳೆಲ್ಲ ಮಣ್ಣಿನಲ್ಲಿ ಗುಳಿಗಳಾಗಿ ಇಳಿದವು. ಯಾಕೆ ಇದು ಎಂದು ಆಯಿ ಕೇಳಿದ್ದಕ್ಕೆ, ಉಬ್ಬು ಚಲೋ ಬರುತ್ತದೆ ಎಂದಷ್ಟೇ ಹೇಳಿದಳು.

ಬಳೆಚೂರನ್ನು ನಾನೇ ಆರಿಸಿದೆ. ಅತ್ತೆ ಇನ್ನೊಮ್ಮೆ ನೋಡಿದಳು. ಅವಳು ಅಚ್ಚಿನ ಮೇಲೆ ಚೂರು ಹರಡುವಾಗ ನಾನು ಅಲ್ಲಿರಲಿಲ್ಲ, ಬೆಂಕಿಗೆ ಸಗಣಿ ಕುಳ್ಳು ತರಲು ಕಳಿಸಿದ್ದಳು. ಬಂದಾಗ ಚಿಪ್ಪು ಬೋರಲು ಹಾಕಿ ಆಗಿತ್ತು. ಎರಡು ಪುಟ್ಟಿಗಳೂ ಖಾಲಿಯಾಗಿದ್ದವು ಎಂದು ನನಗೆ ಅನಿಸುತ್ತದೆ. ಆದರೆ ಇದು ಆಗ ನೋಡಿದ್ದೋ, ಆಮೇಲೆ ಯೋಚಿಸಿ ಯೋಚಿಸಿ ನೋಡಿದಂತಾದದ್ದೋ, ಆಣೆ ಮಾಡಿ ಹೇಳಲಾರೆ.

ಮುತ್ಯಾ ಖುದ್ದಾಗಿ ಬೆಂಕಿ ಹಾಕಿದ. ಖುದ್ದಾಗಿ ಮಣ್ಣು ಮೆತ್ತಿ ಮುಚ್ಚಿದ, ಬಿರುಕು ಕಂಡಲ್ಲೆಲ್ಲ ಒದ್ದೆ ಕೈಯಿಂದ ಸವರಿದ. ದಿನಗಟ್ಟಲೆ ಮುಟ್ಟಲು ಬಿಡಲಿಲ್ಲ. ಅಪ್ಪ ಮುಂದಿನ ರಜೆಗೆ ಬಂದ ಮೇಲೆಯೇ ಎಲ್ಲರ ಎದುರಿಗೆ ಬಿಚ್ಚಿದ.

ಗಾಜು ಅಚ್ಚಿನ ತುಂಬ ಹರಡಿಕೊಂಡಿತ್ತು, ಒಂದೊಂದು ಗುಬ್ಬಿಯೂ ಕೂತಿತ್ತು, ಮತ್ತು ಅದು ಮೂಲೆಯಿಂದ ಮೂಲೆಗೆ ಸೀಳಿತ್ತು. ಎತ್ತಿದರೆ ಐದಾರು ತುಂಡು.

ಮುತ್ಯಾ ಸೀಳಿನ ಮೇಲೆ ಬೆರಳು ಎಳೆದ. ಆವಿಗೆಯೊಳಗೆ ಬಗ್ಗಿ ನೋಡಿದ. "ಗ್ವಾಡಿ ತೆಳ್ಳಗಾಗ್ಯಾದ. ಹವಾ ಹೊಕ್ಕದ."

"ಅಪ್ಪಾ, ಮಾತು ಕೊಟ್ಟಿದ್ದಿ," ಎಂದ ನನ್ನ ಅಪ್ಪ.

"ನಾ ಮುಚ್ಚಿದ್ದು ಒಡದಿಲ್ಲ. ಗ್ವಾಡಿ ಒಡದದ."

ಅಪ್ಪ ಇನ್ನೂ ಏನೋ ಹೇಳಿದ, ಮುತ್ಯಾ ಆಗಲೇ ಗುದ್ದಲಿ ಹುಡುಕುತ್ತಿದ್ದ. ಸಂಜೆಯೊಳಗೆ ಹಳೆ ಗೋಡೆ ಕೆಡವಿ, ಅದರ ಎರಡರಷ್ಟು ದಪ್ಪದ ಗೋಡೆಗೆ ಮಣ್ಣು ತುಳಿಯಲು ನಿಂತ. ಅತ್ತೆ ತುಂಡುಗಳನ್ನೆಲ್ಲ ಬಳಿದು ತಿಪ್ಪೆಯಲ್ಲಿ ಹೂತು ಬಂದಳು. ಆಮೇಲೆ ಕೊಡ ಎತ್ತಿಕೊಂಡು ಮುತ್ಯಾನ ಮಣ್ಣಿಗೆ ನೀರು ಹೊತ್ತು ಹಾಕಿದಳು.

ದಪ್ಪ ಗೋಡೆಯ ಆವಿಗೆಯಲ್ಲಿ ಅವಳು ಒಂದು ಚೂರು ಗಾಜನ್ನೂ ಇಡಲಿಲ್ಲ. ಮುತ್ಯಾ ಒತ್ತಾಯ ಮಾಡಿದ, ಬಳೆಗಾರನಿಗೆ ತಾನೇ ಹೇಳಿ ಗಂಟು ತರಿಸಿದ, ಕೊನೆಗೆ ಸುಮ್ಮನಾದ. ಅದರಲ್ಲಿ ಕೋಳಿಗಳು ಮೊಟ್ಟೆ ಇಡತೊಡಗಿದವು. ಹೈದರಾಬಾದ್ ರಾಜ್ಯ ಒಡೆದು ನಾವು ಕನ್ನಡ ರಾಜ್ಯಕ್ಕೆ ಸೇರಿದ ವರ್ಷ ಅಪ್ಪ ನನ್ನನ್ನು ಮೆಟ್ರಿಕ್ ಓದಿಸಲೆಂದು ಕಲಬುರಗಿಗೆ ಕರೆದೊಯ್ದ. ಮುತ್ಯಾ ತಡೆಯಲಿಲ್ಲ. ನಾನು ಕಾಲೇಜು ಓದಿದೆ, ವಿಶ್ವವಿದ್ಯಾಲಯಕ್ಕೂ ಹೋದೆ. ಅತ್ತೆ ಕಮಲಾಪುರದಲ್ಲೇ ಉಳಿದಳು. ನಾನು ಓದಲೆಂದು ಊರು ಬಿಡುವಾಗ ತೆನೆಯ ಬಿಲ್ಲೆಯನ್ನು ಹುಲ್ಲಿನಲ್ಲಿ ಸುತ್ತಿ ಕೊಟ್ಟಳು.

ಮುತ್ಯಾ ಸತ್ತು ಎಷ್ಟೋ ವರ್ಷದ ಮೇಲೆ, ಒಂದು ಮಧ್ಯಾಹ್ನ, ಹಿತ್ತಿಲಲ್ಲಿ ನಾವಿಬ್ಬರೇ ಕೂತಿದ್ದೆವು. ಅವಳು ತೊಗರಿ ಆರಿಸುತ್ತಿದ್ದಳು. ಬಾಗಿಲ ಅಚ್ಚಿನ ಗಾಜನ್ನು ಅವಳು ಬೇಕೆಂದೇ ಒಡೆದಿದ್ದರೆ, ತನ್ನ ಎಲ್ಲಕ್ಕಿಂತ ಚಂದದ ಗಾಜನ್ನು ಮುತ್ಯಾನ ಒಂದು ವ್ಯರ್ಥ ಮಾತಿಗಾಗಿ ಒಡೆದಂತಾಯಿತು. ಬೇಕೆಂದು ಒಡೆಯದಿದ್ದರೆ, ಅದು ಒಡೆದದ್ದಕ್ಕೆ ಅರ್ಥವೇ ಇಲ್ಲ. ಯಾವುದು ಆಗಿದ್ದರೂ ಕೇಳಬಾರದಿತ್ತೇನೋ. ಕೇಳಿದೆ. ಅವಳ ಕೈ ನಿಲ್ಲಲಿಲ್ಲ, ಕಲ್ಲು ಒಂದು ಕಡೆ, ಕಾಳು ಒಂದು ಕಡೆ ಹೋಗುತ್ತಲೇ ಇದ್ದವು. ಆಮೇಲೆ ಎದ್ದು ಕೋಳಿಗಳಿಗೆ ನುಚ್ಚು ಹಾಕಲು ಹೋದಳು. ಅವಳು ಇರುವವರೆಗೂ ಆ ಮಾತು ಮತ್ತೆ ಬರಲಿಲ್ಲ. ನಾನು ಕೇಳಿದ್ದು ಇಷ್ಟೇ:

"ಅತ್ತಿ, ಅವತ್ತ ನನಗ ಕುಳ್ಳು ತರ್ಲಾಕ ಕಳಿಸಿ, ಎರಡೂ ಪುಟ್ಟಿ ಬಳಿ ನೀ ಬೇಕಂತಲೇ ಕೂಡಿಸಿದ್ದೇನು?"