ಗೇಟಿನಲ್ಲಿ ಕೇಳಿದ ಪ್ರಶ್ನೆ

ಅತ್ತಿಗುಪ್ಪೆಯ ಆ ಮಹಡಿ ಕೋಣೆ ನನಗೆ ಸಿಕ್ಕಿದ್ದು ಗೆಳೆಯ ಹೇಳಿದ ಸುಳ್ಳಿನಿಂದ. ಮನೆ ಮಾಲೀಕರು ನನ್ನನ್ನು ನೋಡುತ್ತ, "ಯಾವ ಜನ?" ಎಂದು ಅವನನ್ನು ಕೇಳಿದರು. ಅವನು ಅವರ ದೂರದ ನೆಂಟ. "ನಮ್ಮೋರೇ, ಮಾವ" ಎಂದುಬಿಟ್ಟ. ನಾನು ಅವರ ಜಾತಿಯವನಲ್ಲ. ವಿಜಯನಗರ, ಹೊಸಹಳ್ಳಿಯಲ್ಲೆಲ್ಲ ನಿಜ ಹೇಳಿ ವಾಪಸು ಬಂದಿದ್ದೆ, ಎಂ.ಎಸ್ಸಿ. ಪರೀಕ್ಷೆ ಹತ್ತಿರವಿತ್ತು. ಅಡ್ವಾನ್ಸ್ ಎಣಿಸಿ ಕೊಟ್ಟೆ.

ಎಂಬತ್ತರ ದಶಕದ ಕೊನೆ. ಗೆಳೆಯನಿಗೆ ಎಲ್ಲಿಂದಲೋ ಒಂದು ವಿದೇಶಿ ಆಟದ ನಿಯಮಗಳ ಜೆರಾಕ್ಸ್ ಸಿಕ್ಕಿತ್ತು. ಒಬ್ಬ ಕಥೆ ನಡೆಸಬೇಕು, ಉಳಿದವರು ಪಾತ್ರಗಳಾಗಿ ಮಾತಾಡಬೇಕು, ಏನಾಗುತ್ತದೆಂಬುದನ್ನು ದಾಳ ಹಾಕಿ ತೀರ್ಮಾನಿಸಬೇಕು. ಕಥೆ ನಡೆಯುವುದು ಮುಂದಿನ ಶತಮಾನದ ಒಂದು ನಗರದಲ್ಲಿ. ಅಲ್ಲಿ ಗೇಟು ಗೇಟಿಗೂ ಗುರುತಿನ ಚೀಟಿ ಓದುವ ಯಂತ್ರ. ನನ್ನ ಪಾತ್ರ ಫ್ಯಾಕ್ಟರಿಯಲ್ಲಿ ತಯಾರಾದ ಕೃತಕ ಮನುಷ್ಯ, ಅವನದು ನಕಲಿ ಚೀಟಿ. ಯಂತ್ರಕ್ಕೊಂದು ದಾಳ, ಚೀಟಿಗೊಂದು ದಾಳ. ಚೀಟಿಯದು ಹೆಚ್ಚಾದರೆ ಪಾಸ್. ಕಥೆ ನಡೆಸುತ್ತಿದ್ದ ಗೆಳೆಯನಿಗೆ ಅದು ಸಪ್ಪೆ ಅನ್ನಿಸಿತು.

"ದಾಳ ಬಿಡು ಗುರು. ವಾಚ್‌ಮನ್ ಕೇಳ್ತಾನೆ, ನೀನು ಹೇಳು. ಅಪ್ಪನ ಹೆಸರು?"

"ಹುಟ್ಟಿದ್ದೇ ಫ್ಯಾಕ್ಟರೀಲಿ ಕಣೋ, ಅಪ್ಪ ಎಲ್ಲಿಂದ ಬರ್ತಾನೆ?"

"ಮಗಾ, ಗುಂಡು ಹಾರುತ್ತೆ. ಸರಿಯಾಗಿ ಹೇಳು."

ನಾವು ನಗುತ್ತಿರುವಾಗಲೇ ಬಾಗಿಲಲ್ಲಿ ಮಾಲೀಕರು. ನಲ್ಲಿಯಲ್ಲಿ ನೀರು ಬಂದಿದೆ ಎಂದು ಹೇಳಲು ಬಂದವರು, ಇದೇನು ಆಟ ಎಂದು ಗೆಳೆಯನಿಂದ ಕೇಳಿ ತಿಳಿದು, ಮಂಚದ ತುದಿಯಲ್ಲಿ ಕೂತರು.

"ಹಂಗೆಲ್ಲಾ ಕೇಳಿದ್ರೆ ಯಾರ್ ಸಿಕ್ಕಾಕ್ಕೊಳ್ತಾರೋ? ತಾಳು, ನಾನು ಕೇಳ್ತೀನಿ." ನನ್ನತ್ತ ತಿರುಗಿದರು. "ಮನೆ ದೇವ್ರು ಯಾವ್ದಪ್ಪಾ?"

ಕೇಳಿದ್ದು ಪಾತ್ರವನ್ನೋ, ನನ್ನನ್ನೋ? ನಾಲಿಗೆಯ ತುದಿಗೆ ಬಂದದ್ದು ನಮ್ಮ ಮನೆಯ ನಿಜವಾದ ದೇವರು. ಹೇಳಿದರೆ ಕೋಣೆ ಹೋಯಿತು. ಅವರಲ್ಲಿ ಸಲ್ಲುವ ಉತ್ತರ ನನಗೆ ಗೊತ್ತಿರಲಿಲ್ಲ.

"ದಾಳ ಹಾಕ್ತೀನಿ ಸಾರ್" ಎಂದೆ.

ದಾಳ ಉರುಳಿ ಮಂಚದ ಕೆಳಗೆ ಹೋಯಿತು. ಅವರೇ ಬಗ್ಗಿ ಎತ್ತಿಕೊಂಡರು. ಎಷ್ಟು ಬಿದ್ದಿದೆ ಎಂದು ನೋಡದೆ ಮುಷ್ಟಿ ಮುಚ್ಚಿ, "ಹೋಗು ಒಳಗೆ" ಎಂದರು.

ಇದು ನನ್ನ ನೆನಪು. ಗೆಳೆಯನ ನೆನಪು ಬೇರೆ. ಅವರು ಕೂರಲೇ ಇಲ್ಲ, ನೀರಿನ ವಿಷಯ ಹೇಳಿ ಇಳಿದು ಹೋದರು, ಆ ಪ್ರಶ್ನೆ ಕೇಳಿದ್ದು ತಾನೇ ಎನ್ನುತ್ತಾನೆ ಗೆಳೆಯ. ಇರಬಹುದು. ಆ ದಿನ ಹೆದರಿದ್ದವನು ನಾನು. ಹೆದರಿದ ಸಾಕ್ಷಿಯನ್ನು ನಾನಾದರೂ ನಂಬುವುದಿಲ್ಲ.

ಪರೀಕ್ಷೆ ಮುಗಿಯುವವರೆಗೂ ಕೋಣೆ ನನ್ನದಾಗೇ ಇತ್ತು. ಹಬ್ಬಕ್ಕೆ ಮಾಲೀಕರು ಊಟಕ್ಕೆ ಕರೆದಾಗ ಹೊಟ್ಟೆ ಸರಿಯಿಲ್ಲ ಎಂದೆ. ಸಂಜೆ ಅವರು ಜಗಲಿಯ ಮೇಲೆ ಕೂತಿರುವುದು ತಿರುವಿನಿಂದಲೇ ಕಂಡರೆ ಹಿಂದಕ್ಕೆ ನಡೆದು, ಬ್ಯಾಡರಹಳ್ಳಿ ಬಸ್ಸು ಹತ್ತಿ, ಕೊನೆಯ ಸ್ಟಾಪಿನವರೆಗೆ ಹೋಗಿ, ಅದೇ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ಅಷ್ಟರಲ್ಲಿ ಅವರು ಒಳಗೆ ಹೋಗಿರುತ್ತಿದ್ದರು.