ತ್ರಿಕೋನ, ವೃತ್ತ, ಒಂದಿಷ್ಟು ಕಲ್ಲು

ರಸ್ತೆ ಬದಿಯ ಫಲಕಗಳನ್ನು ನಾನು ಎಂದೂ ಓದಿದವನಲ್ಲ, ನೋಡಿದ್ದೇನೆ, ಅಷ್ಟೆ. ವರ್ಷಗಟ್ಟಲೆ ಕಾಗವಾಡದ ಸುತ್ತ ಬೈಕು ಓಡಿಸಿದವನಿಗೆ ತಿರುವು ಎಲ್ಲಿದೆ ಎಂದು ಚಿತ್ರ ಬರೆದು ತೋರಿಸಬೇಕೆ ಎಂಬ ಸೊಕ್ಕು. ಆದ್ದರಿಂದ ರಸ್ತೆ ಫಲಕ, ಸಿಗ್ನಲ್‌ಗಳ ನಿಯಮಗಳನ್ನು ಸರಕಾರ ಸರಳಗೊಳಿಸಲಿದೆಯಂತೆ ಎಂಬ ಸುದ್ದಿ ಪತ್ರಿಕೆಯಲ್ಲಿ ಕಂಡಾಗ ನಾನು ಪುಟ ತಿರುವಿಬಿಡುತ್ತಿದ್ದೆ. ನನ್ನ ಹೆಂಡತಿ ಸುನಂದಾ ಬಿಡಲಿಲ್ಲ.

“ಸೋಮವಾರದೊಳಗ ಸರಳ ಮಾಡ್ತಾರೇನ್ರಿ?” ಎಂದಳು.

ಸೋಮವಾರ ಅವಳಿಗೆ ಎರಡನೆಯ ಸಲ ಲೈಸೆನ್ಸಿನ ಪರೀಕ್ಷೆ. ಅವಳು ಶಾಲೆಯ ಟೀಚರು. ಈಚೆಗೆ ಶಿರಗುಪ್ಪಿಯ ಆಚೆಗಿನ ಊರಿಗೆ ವರ್ಗವಾಗಿದೆ. ಬಸ್ಸಿನ ಸಮಯಕ್ಕೂ ಶಾಲೆಯ ಗಂಟೆಗೂ ಹೊಂದಿಕೆಯಿಲ್ಲ. ದಿನವೂ ನನ್ನ ಬೈಕಿನ ಹಿಂದೆ ಕೂತು, ನಾನು ಚಹಾ ಮುಗಿಸುವವರೆಗೆ ಕಾದು ಕಾದು ಬೇಸತ್ತ ಅವಳು, ತಾನೇ ಸ್ಕೂಟಿ ಓಡಿಸಿಕೊಂಡು ಹೋಗುವುದಾಗಿ ಹಟ ಹಿಡಿದಿದ್ದಳು. ಆದರೆ ಚಿಕ್ಕೋಡಿಗೆ ಹೋಗಿ ಲೈಸೆನ್ಸಿನ ಮೊದಲ ಪರೀಕ್ಷೆಯಲ್ಲಿ ಈ ಫಲಕಗಳ ಚಿತ್ರಗಳಲ್ಲೇ ನಪಾಸಾಗಿ ಬಂದಿದ್ದಳು. ಮಕ್ಕಳಿಗೆ ಪರೀಕ್ಷೆ ಮಾಡುವವಳಿಗೆ ಅದು ನಿಜಕ್ಕೂ ನೋವು ತಂದಿತ್ತು.

ಹೀಗಾಗಿ ಸಂಜೆಗಳಲ್ಲಿ ನಾನು ಆ ಚಿತ್ರಗಳ ಪುಸ್ತಕ ಹಿಡಿದು ಕೇಳುವವನು, ಅವಳು ಹೇಳುವವಳು. ಕೆಂಪು ತ್ರಿಕೋನದೊಳಗೆ ಒಂದು ವಾಹನ, ಅದರ ಹಿಂದೆ ಚುಕ್ಕೆ ಚುಕ್ಕೆಯಾಗಿ ಏನೋ ಸಿಡಿಯುತ್ತಿದೆ.

“ಮುಂದ ಕಬ್ಬಿನ ಗಾಡಿ ಐತಿ. ಹುಡುಗರು ಕಬ್ಬ ಹಿರಿಯಾಕತ್ತಾವ, ಬೀಳ್ತಾವ, ದೂರ ಇರ್ರಿ ಅಂತ.”

ಉತ್ತರ ‘ಸಡಿಲ ಜಲ್ಲಿ’ ಎಂದಿತ್ತು. ನನಗೋ ಅವಳದೇ ಸರಿಯೆನ್ನಿಸಿತು. ಕಬ್ಬಿನ ಟ್ರೇಲರಿನ ಹಿಂದೆ ಓಡುವ ಹುಡುಗರನ್ನು ನೋಡುತ್ತ ಬೆಳೆದವರು ಬೇರೆ ಏನನ್ನು ಕಾಣಬೇಕು? ನೀಲಿ ವೃತ್ತದಲ್ಲಿ ಹಾರ್ನಿನ ಚಿತ್ರ ಬಂತು. ನೀಲಿ ವೃತ್ತವೆಂದರೆ ಮಾಡಲೇಬೇಕಾದ ಕೆಲಸ, ಹಾರ್ನ್ ಕಡ್ಡಾಯ ಎಂದೆ. “ನಮ್ಮ ಮಂದಿಗೆ ಅದನ್ನೂ ಹೇಳಬೇಕೇನ್ರಿ?” ಎಂದು ಪುಟವನ್ನೇ ಮಗುಚಿದಳು.

ಅವಳಿಗೆ ಕಲಿಸುತ್ತ ನನಗೇ ಕುತೂಹಲ ಹತ್ತಿತು. ತ್ರಿಕೋನ ಎಚ್ಚರಿಸುತ್ತದೆ, ವೃತ್ತ ಆಜ್ಞೆ ಮಾಡುತ್ತದೆ, ಚೌಕ ಸುಮ್ಮನೆ ಮಾಹಿತಿ ಕೊಡುತ್ತದೆ. ಯಾವ ಪುಣ್ಯಾತ್ಮ ಇದನ್ನೆಲ್ಲ ಹಂಚಿ ಕೊಟ್ಟನೋ. ನಮ್ಮ ಗಡಿಯಲ್ಲಿ ಊರಿನ ಹೆಸರು ಬರೆದ ಹಲಗೆಗೆ ಒಮ್ಮೆ ಕನ್ನಡದವರು, ಒಮ್ಮೆ ಮರಾಠಿಯವರು ಮಸಿ ಬಳಿದಿದ್ದಾರೆ. ತ್ರಿಕೋನದ ತಂಟೆಗೆ ಯಾರೂ ಹೋದದ್ದಿಲ್ಲ. ಮಿರಜಿನ ಕಡೆಯ ತಿರುವೂ ಅಥಣಿಯ ಕಡೆಯ ತಿರುವೂ ಒಂದೇ ರೀತಿ ಬಾಗುತ್ತವೆ.

ಇನ್ನು ಸರಳತೆ ಎಂದರೆ ನಮ್ಮ ಟ್ರ್ಯಾಕ್ಟರಿನವರದು. ಕಬ್ಬಿನ ಹೊರೆಯ ತುದಿಗೆ ಹಳೆ ಸೀರೆಯ ಕೆಂಪು ಚಿಂದಿ ಕಟ್ಟುತ್ತಾರೆ. ಗಾಡಿ ಪಂಕ್ಚರಾದರೆ ಹಿಂದೆ ಒಂದು ಜಾಲಿ ಟೊಂಗೆ, ಅದರ ಸುತ್ತ ತಲೆಗಾತ್ರದ ಕಲ್ಲುಗಳು. ಅಕ್ಷರ ಬಾರದವರಿಗೂ ಅರ್ಥವಾಗುತ್ತದೆ. ಆದರೆ ಈ ಪದ್ಧತಿಯಲ್ಲಿ ಒಂದು ತೊಡಕಿದೆ. ಚಕ್ರ ರಿಪೇರಿಯಾದ ಕೂಡಲೇ ಡ್ರೈವರ್ ಹಾಡು ಹಚ್ಚಿಕೊಂಡು ಕಾರ್ಖಾನೆಯತ್ತ ಹೊರಟುಬಿಡುತ್ತಾನೆ. ಕಲ್ಲುಗಳು ಅಲ್ಲೇ ಉಳಿಯುತ್ತವೆ. ಅಪಾಯ ಹೋಗಿ ಅದರ ಗುರುತೇ ಅಪಾಯವಾಗಿ ಕೂತಿರುತ್ತದೆ. ನಾವೆಲ್ಲ ಅದನ್ನು ಬಲ್ಲೆವು. ಬಲ್ಲವರಾದ್ದರಿಂದಲೇ ಸುತ್ತಿಕೊಂಡು ಹೋಗುತ್ತೇವೆ.

ಸುನಂದಾ ಸೋಮವಾರ ಪಾಸಾದಳು. ಮುಂದೆ ಗಾಡಿ ಓಡಿಸಿ ತೋರಿಸುವ ಪರೀಕ್ಷೆಯೂ ಮುಗಿದು, ಕಬ್ಬಿನ ಹಂಗಾಮು ಶುರುವಾಗುವ ಹೊತ್ತಿಗೆ ಲೈಸೆನ್ಸು ಕೈಗೆ ಬಂತು. ಅವಳು ಒಬ್ಬಳೇ ಶಾಲೆಗೆ ಹೋದ ಮೊದಲ ದಿನ ನಾನು ಚಹಾವನ್ನು ಬೇಗ ಮುಗಿಸಿದೆ, ಯಾರಿಗಾಗಿ ಎಂದು ತಿಳಿಯದೆ. ಸಂಜೆ ಶಾಲೆ ಬಿಟ್ಟು ಬಹಳ ಹೊತ್ತಾದರೂ ಬರಲಿಲ್ಲ. ಫೋನೂ ಎತ್ತಲಿಲ್ಲ. ದಾರಿಯ ತುಂಬ ಡಬಲ್ ಟ್ರೇಲರುಗಳು. ಗೇಟಿನ ಬಳಿ ನಿಂತ ನನಗೆ ಹೆದರಿಕೆಯಾಯಿತು. ಪುಸ್ತಕದ ತ್ರಿಕೋನಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು.

ಕೊನೆಗೆ ಬಂದಳು. ಸೀರೆಯ ಅಂಚೆಲ್ಲ ಧೂಳು, ಕೈಯೆಲ್ಲ ಮಣ್ಣು.

“ಬಿದ್ದಿಯೇನ?”

“ನಾ ಯಾಕ ಬೀಳ್ಲಿ? ಶಿರಗುಪ್ಪಿ ದಾರ್ಯಾಗ ಟ್ರ್ಯಾಕ್ಟರ್ ಹೋಗಿ ಎಷ್ಟೊತ್ತಾಗಿತ್ತೋ, ಕಲ್ಲ ಹಂಗ ಕುಂತಿದ್ವು. ಕತ್ತಲಾದ ಮ್ಯಾಲೆ ಯಾರರ ಬೀಳ್ತಾರ ಅಂತ ಎಲ್ಲಾ ತಗದು ಬದಿಗೆ ಹಾಕಿ ಬಂದ್ನಿ.”

ಮಧ್ಯಾಹ್ನ ನಮ್ಮ ದ್ರಾಕ್ಷಿ ತೋಟದಿಂದ ಬರುವಾಗ ಆ ಕಲ್ಲುಗಳನ್ನು ನಾನೂ ಕಂಡಿದ್ದೆ. ಬೈಕನ್ನು ತುಸು ಬಲಕ್ಕೆ ಎಳೆದು ಎಷ್ಟು ಚೆಂದ ದಾಟಿದೆನೆಂದು ನನ್ನನ್ನು ನಾನೇ ಮೆಚ್ಚಿಕೊಂಡಿದ್ದೆ.

ಕೈ ತೊಳೆಯಲು ಒಳಗೆ ಹೋದವಳು ಅಲ್ಲಿಂದಲೇ ಕೇಳಿದಳು: “ಕಲ್ಲ ತಗೀರಿ ಅಂತ ಒಂದ್ ಚಿತ್ರ ಆ ಪುಸ್ತಕದಾಗ ಯಾಕ ಇಲ್ಲರಿ?”

ಒಳ್ಳೆಯ ಪ್ರಶ್ನೆ. ಸರಕಾರ ಹೇಗೂ ಫಲಕಗಳನ್ನು ತಿದ್ದುತ್ತಿದೆಯಲ್ಲ, ಇದನ್ನೊಂದು ಸೇರಿಸಬಹುದು. ಆದರೆ ಯಾವ ಆಕಾರದಲ್ಲಿ? ತ್ರಿಕೋನದಲ್ಲಿ ಬರೆದರೆ ಅದು ಬರೀ ಎಚ್ಚರಿಕೆ. ನನ್ನಂಥವರು ಅದನ್ನೂ ಚೆಂದಗೆ ಸುತ್ತಿಕೊಂಡು ಹೋಗುತ್ತೇವೆ. ನೀಲಿ ವೃತ್ತದಲ್ಲೇ ಬರೆಯಬೇಕು.